ಅಕ್ಷಯಪಾತ್ರೆಗೆ ಎಷ್ಟು ಹೊನ್ನು?

ಸೇನೆಸಮೇತನಾಗಿ ವಸಿಷ್ಠರ ಆಶ್ರಮಕ್ಕೆ ಬಂದಾಗ ವಿಶ್ವಾಮಿತ್ರ ಇನ್ನೂ ಋಷಿಯಾಗಿರಲಿಲ್ಲ, ಅರಸನಾಗಿದ್ದ. ತನ್ನ ಇಡೀ ಸೇನೆಗೆ ಶಬಲೆ ಎಂಬ ಕಾಮಧೇನು ಮೃಷ್ಟಾನ್ನ ಒದಗಿಸಿದ್ದನ್ನು ಕಂಡು ಆತ ಬೆರಗಾದ. ಬೆರಗಿನ ಹಿಂದೆಯೇ ವ್ಯಾಪಾರದ ಮಾತು ಬಂತು. ಒಂದು ಲಕ್ಷ ಹಸು ಕೊಡುತ್ತೇನೆ, ಇದೊಂದನ್ನು ನನಗೆ ಕೊಡಿ ಎಂದ. ವಸಿಷ್ಠರು ಒಪ್ಪಲಿಲ್ಲ. ಆನೆ, ಕುದುರೆ, ರಥಗಳು ಸೇರಿಕೊಂಡವು. ಹಸುಗಳ ಲೆಕ್ಕ ಕೋಟಿಗೆ ಏರಿತು. ವಸಿಷ್ಠರು ಆಗಲೂ ಒಪ್ಪಲಿಲ್ಲ. ಕುದುರದ ಚೌಕಾಸಿ ಕೊನೆಗೆ ಕದನಕ್ಕೆ ತಿರುಗಿದ ಕಥೆ ರಾಮಾಯಣದ ಬಾಲಕಾಂಡದಲ್ಲಿದೆ.

ಅರಸನ ಲೆಕ್ಕ ಎಲ್ಲಿ ತಪ್ಪಿತು? ಹಸುವಿಗೆ ಬದಲು ಹಸು ಎಂಬ ಸಾಮಾನ್ಯ ವಿನಿಮಯದ ನಿಯಮವನ್ನೇ ಆತ ಹಿಡಿದಿದ್ದ. ಆದರೆ ಶಬಲೆ ಹೆಚ್ಚು ಹಾಲು ಕೊಡುವ ಹಸುವಾಗಿರಲಿಲ್ಲ. ಆಶ್ರಮದ ಯಜ್ಞ, ಅತಿಥಿಸತ್ಕಾರ, ದಿನನಿತ್ಯದ ಬದುಕು ಎಲ್ಲವೂ ಅದನ್ನು ಆಧರಿಸಿ ನಿಂತಿದ್ದವು. ಸಂತೆಯಲ್ಲಿ ಇನ್ನೊಂದು ಸಿಗದ ವಸ್ತುವಿಗೆ ಬೆಲೆ ಕಟ್ಟುವುದು ಹೇಗೆ ಎಂಬುದು ಪುರಾಣಕ್ಕೆ ಸೇರಿದ ಪ್ರಶ್ನೆ ಎಂದು ನಾವು ಸುಮ್ಮನಾಗಬಹುದಿತ್ತು. ಆದರೆ ಕಳೆದ ಐವತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಕೈಯಲ್ಲಿ ಪೆನ್ಸಿಲ್ ಹಿಡಿದು, ಕಾಗದದ ಮೇಲೆ ಕೂಡಿ ಕಳೆದು ಬಗೆಹರಿಸುತ್ತ ಬಂದಿರುವ ಜನರಿದ್ದಾರೆ. ಅವರು ಅರ್ಥಶಾಸ್ತ್ರಜ್ಞರಲ್ಲ. ಒಂದು ಆಟ ಆಡುವವರು.

ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಲ್ಲಿ 1974ರಲ್ಲಿ ಇದು ಮೊದಲು ಅಚ್ಚಾಯಿತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದರ ಕರ್ತೃಗಳು. ಗೈಗ್ಯಾಕ್ಸ್ ಒಂದು ಕಾಲಕ್ಕೆ ವಿಮಾ ಕಂಪನಿಯಲ್ಲಿ ಅಪಾಯದ ಅಂದಾಜು ಹಾಕುತ್ತಿದ್ದವರು, ಆ ಕೆಲಸ ಹೋದಮೇಲೆ ಪಾದರಕ್ಷೆ ರಿಪೇರಿ ಮಾಡಿದವರು. ಮೊದಲ ಮುದ್ರಣ ಒಂದು ಸಾವಿರ ಪೆಟ್ಟಿಗೆ, ಪೆಟ್ಟಿಗೆಯೊಂದಕ್ಕೆ ಹತ್ತು ಡಾಲರ್. 2016ರಿಂದ ಪ್ರಸಾರವಾದ 'ಸ್ಟ್ರೇಂಜರ್ ಥಿಂಗ್ಸ್' ಧಾರಾವಾಹಿಯ ಹುಡುಗರು ಮೇಜಿನ ಸುತ್ತ ಕೂತು ಆಡುವುದು ಇದನ್ನೇ. ಬೆಂಗಳೂರಿನಲ್ಲೂ ಇದನ್ನು ಆಡುವ ಗುಂಪುಗಳಿವೆ.

ಆಟ ಆಡುವ ಬಗೆ ನಮ್ಮ ಯಕ್ಷಗಾನ ತಾಳಮದ್ದಳೆಯನ್ನು ಬಲ್ಲವರಿಗೆ ಬೇಗ ತಿಳಿದೀತು. ನಾಲ್ಕೈದು ಮಂದಿ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬ ಖಡ್ಗವೀರ, ಒಬ್ಬಳು ಮಾಂತ್ರಿಕಳು, ಮತ್ತೊಬ್ಬ ಬೀಗ ತೆಗೆಯುವುದರಲ್ಲಿ ನಿಪುಣನಾದ ಕಳ್ಳ. ಇನ್ನೊಬ್ಬರು ಕಥೆ ನಡೆಸುತ್ತಾರೆ. ಅವರನ್ನು ನಾವು ಸೂತ್ರಧಾರ ಎನ್ನೋಣ. "ಎದುರಿಗೆ ಆಳವಾದ ಕಂದರ, ಸೇತುವೆ ಮುರಿದಿದೆ, ಏನು ಮಾಡುತ್ತೀರಿ?" ಎಂದು ಸೂತ್ರಧಾರ ಕೇಳಿದರೆ ಆಟಗಾರರು ಉಪಾಯ ಹೇಳುತ್ತಾರೆ. ಉಪಾಯ ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ನಿರ್ಧರಿಸುತ್ತದೆ. ಗೆಲುವು ಸೋಲು ಎಂಬುದಿಲ್ಲ. ಒಂದೇ ಕಥೆ ವಾರವಾರವೂ ಮುಂದುವರಿದು ವರ್ಷಗಟ್ಟಲೆ ನಡೆಯುವುದುಂಟು. ಈ ಕಥೆಯ ದಾರಿಯಲ್ಲಿ ಪಾತ್ರಗಳಿಗೆ ಚಿನ್ನ ಸಿಗುತ್ತದೆ, ಮಾಯಾವಸ್ತುಗಳು ಸಿಗುತ್ತವೆ. ಅವನ್ನು ಕೊಳ್ಳಬೇಕು, ಮಾರಬೇಕು ಎಂಬ ಆಸೆ ಹುಟ್ಟುತ್ತದೆ. ಬೆಲೆಯ ಪ್ರಶ್ನೆ ಅಲ್ಲಿಂದ ಶುರು.

ಚಿನ್ನದ ನಾಡು

ಮೊದಲ ವರ್ಷಗಳಲ್ಲಿ ಚಿನ್ನ ಎಂದರೆ ಅಂಕವೇ ಆಗಿತ್ತು. ಗುಹೆಯಿಂದ ಒಂದು ಚಿನ್ನದ ನಾಣ್ಯ ಹೊತ್ತು ತಂದರೆ ಒಂದು ಅಂಶ ಅನುಭವ ಜಮೆಯಾಗುತ್ತಿತ್ತು. ಅನುಭವ ಹೆಚ್ಚಿದಂತೆ ಪಾತ್ರದ ಬಲವೂ ಹೆಚ್ಚುತ್ತಿತ್ತು. ಹೀಗಾಗಿ ಹಳ್ಳಿಗಾಡಿನಲ್ಲೂ ಚಿನ್ನ ಹರಿದಾಡುವ ವಿಚಿತ್ರ ಲೋಕ ಸೃಷ್ಟಿಯಾಯಿತು. ಹಗ್ಗ, ದೀವಟಿಗೆಗಳ ಬೆಲೆ ಯಾಕಿಷ್ಟು ದುಬಾರಿ ಎಂಬುದಕ್ಕೆ ಗೈಗ್ಯಾಕ್ಸ್ 1978ರ ಆಟಗಾರರ ಕೈಪಿಡಿಯಲ್ಲಿ ಸಮಜಾಯಿಷಿಯನ್ನೂ ಕೊಟ್ಟರು. ಚಿನ್ನದ ಬೇಟೆಯ ಕಾಲದ ಅಲಾಸ್ಕಾದ ಊರುಗಳನ್ನು ನೆನೆಯಿರಿ, ಅಲ್ಲಿ ಮೊಟ್ಟೆಗೂ ಗುದ್ದಲಿಗೂ ಬಾಯಿಗೆ ಬಂದ ಬೆಲೆ ಇತ್ತಲ್ಲ, ಇದೂ ಹಾಗೆಯೇ ಎಂಬುದು ಅವರ ವಾದ. 1979ರ ಸೂತ್ರಧಾರರ ಕೈಪಿಡಿಯಲ್ಲಿ ಮಾಯಾವಸ್ತುಗಳ ಮುಂದೆ ಮಾರಾಟದ ಬೆಲೆಯನ್ನೂ ಅಚ್ಚು ಹಾಕಿದರು. ಆ ಅಂಕಿಗಳು ಹೇಗೆ ಬಂದವು ಎಂಬುದಕ್ಕೆ ಸೂತ್ರ ಇರಲಿಲ್ಲ. ಅನುಭವಿ ದಲ್ಲಾಳಿ ಎತ್ತಿನ ಹಲ್ಲು ನೋಡಿ ಹೇಳುವ ಬೆಲೆಯಂತೆ ಅದೂ ಒಂದು ಅಂದಾಜು.

1989ರಲ್ಲಿ ಎರಡನೆಯ ಆವೃತ್ತಿ ಬಂದಾಗ ಗಾಳಿ ತಿರುಗಿತು. ಮಾಯಾಖಡ್ಗವನ್ನು ಕಿರಾಣಿ ಅಂಗಡಿಯಲ್ಲಿ ಕೊಳ್ಳುವಂತಾದರೆ ಅದರ ಮಾಯೆ ಎಲ್ಲಿ ಉಳಿಯುತ್ತದೆ ಎಂಬ ಚಿಂತೆಯಿಂದ ಹೊಸ ಕೈಪಿಡಿ ಇಂಥ ಅಂಗಡಿಗಳನ್ನೇ ನಿರುತ್ಸಾಹಗೊಳಿಸಿತು. ಆದರೆ ನಿಷೇಧದಿಂದ ವ್ಯಾಪಾರ ನಿಲ್ಲುವುದಿಲ್ಲ ಎಂಬುದು ಲೋಕಾನುಭವ. ಆಟಗಾರನ ಬಳಿ ಎರಡು ಮಾಯಾಖಡ್ಗಗಳಿದ್ದು, ಒಂದನ್ನು ಮಾರುತ್ತೇನೆ ಎಂದು ಆತ ಹಟ ಹಿಡಿದರೆ ಸೂತ್ರಧಾರ ಏನಾದರೊಂದು ಅಂಕಿ ಹೇಳಲೇಬೇಕಾಗುತ್ತಿತ್ತು.

ಸೂತ್ರದ ಸೊಗಸು

2000ದಲ್ಲಿ ಬಂದ ಮೂರನೆಯ ಆವೃತ್ತಿ ಇದಕ್ಕೆ ಗಣಿತದ ಪರಿಹಾರ ಕೊಟ್ಟಿತು. ಅಷ್ಟರಲ್ಲಿ ಆಟದ ಒಡೆತನ ವಿಜರ್ಡ್ಸ್ ಆಫ್ ದಿ ಕೋಸ್ಟ್ ಎಂಬ ಕಂಪನಿಗೆ ಹೋಗಿತ್ತು. ಸೂತ್ರ ಸರಳವಾದದ್ದು. ವಸ್ತುವಿನೊಳಗಿರುವ ಮಂತ್ರದ ದರ್ಜೆಯನ್ನು ಮಾಂತ್ರಿಕನ ಪಾಂಡಿತ್ಯದ ಮಟ್ಟದಿಂದ ಗುಣಿಸಬೇಕು. ಬಂದದ್ದನ್ನು ಬಳಕೆಯ ರೀತಿಗೆ ತಕ್ಕ ಮತ್ತೊಂದು ಅಂಕಿಯಿಂದ ಗುಣಿಸಬೇಕು. ಒಮ್ಮೆ ಕುಡಿದು ಮುಗಿಸುವ ಔಷಧಕ್ಕೆ ಆ ಅಂಕಿ 50. ಐವತ್ತು ಬಾರಿ ಬಳಸಬಹುದಾದ ಮಂತ್ರದಂಡಕ್ಕೆ 750. ಸದಾ ಕೆಲಸ ಮಾಡುತ್ತಲೇ ಇರುವ ಉಂಗುರದಂಥ ವಸ್ತುವಿಗೆ 2,000. ಖಡ್ಗದ ಹರಿತಕ್ಕೆ ಬೇರೆ ಲೆಕ್ಕ. ಹರಿತದ ಅಂಕಿಯನ್ನು ಅದರಿಂದಲೇ ಗುಣಿಸಿ 2,000ದಿಂದ ಹೆಚ್ಚಿಸಬೇಕು. ಒಂದು ಅಂಶ ಹರಿತವಾದ ಖಡ್ಗದ ಮಾಯೆಗೆ 2,000 ಹೊನ್ನಾದರೆ ಎರಡು ಅಂಶದ್ದಕ್ಕೆ 8,000, ಐದು ಅಂಶದ್ದಕ್ಕೆ 50,000.

ಇನ್ನೊಂದು ಜಾಣ ಕಟ್ಟುಪಾಡೂ ಇತ್ತು. ಮಾಯಾವಸ್ತು ತಯಾರಿಸಲು ಅರ್ಧ ಬೆಲೆಯ ಸಾಮಗ್ರಿ ಬೇಕು, ಜೊತೆಗೆ ತಯಾರಕನ ಅನುಭವದಲ್ಲೂ ಒಂದು ಪಾಲು ಖರ್ಚಾಗುತ್ತದೆ. ಮಾರಲು ಹೋದರೆ ಸಿಗುವುದು ಅರ್ಧ ಬೆಲೆ ಮಾತ್ರ. ಅಂದರೆ ಮಾಡಿ ಮಾರಿದವನಿಗೆ ಲಾಭ ಸೊನ್ನೆ, ಅನುಭವ ನಷ್ಟ. ವೀರರು ಸಾಹಸ ಬಿಟ್ಟು ಅಂಗಡಿ ಹಾಕಿ ಕೂರದಿರಲಿ ಎಂಬುದೇ ಇದರ ಉದ್ದೇಶ.

ಸೂತ್ರವಿದ್ದಲ್ಲಿ ಅದರ ಸಂದು ಹುಡುಕುವವರೂ ಇರುತ್ತಾರೆ. ಇದೇ ಆವೃತ್ತಿಯ ಬೆಲೆಪಟ್ಟಿಯಲ್ಲಿ ಹತ್ತು ಅಡಿಯ ಏಣಿಗೆ ಐದು ತಾಮ್ರದ ಕಾಸು. ಹತ್ತು ಅಡಿಯ ಗಳುವಿಗೆ ಎರಡು ಬೆಳ್ಳಿ ನಾಣ್ಯ, ಎಂದರೆ ಇಪ್ಪತ್ತು ಕಾಸು. ಏಣಿ ಕೊಂಡು ಮೆಟ್ಟಿಲು ಕಿತ್ತರೆ ಎರಡು ಗಳು. ಅರ್ಧ ಬೆಲೆಗೆ ಮಾರಿದರೂ ಐದು ಕಾಸು ಇಪ್ಪತ್ತಾಗುತ್ತದೆ! ಇದು ಆಟಗಾರರ ನಡುವೆ ಹಳೆಯ ನಗೆಮಾತು. ನಗೆಯ ಒಳಗೆ ಒಂದು ಪಾಠವೂ ಇದೆ. ಪಟ್ಟಿಯ ಬೆಲೆಗಳನ್ನು ಯಾವ ಸಂತೆಯೂ ತೂಗಿ ನೋಡಿರುವುದಿಲ್ಲ. ನಿಜವಾದ ಪೇಟೆಯಲ್ಲಾದರೆ ನಾಲ್ಕೇ ದಿನದಲ್ಲಿ ಏಣಿಯ ಬೆಲೆ ಏರಿ ಗಳುವಿನ ಬೆಲೆ ಇಳಿಯುತ್ತಿತ್ತು. ಪುಸ್ತಕದ ಬೆಲೆಗೆ ಆ ಚಲನೆಯಿಲ್ಲ. ಅದನ್ನು ಸರಿಪಡಿಸಲು ಸೂತ್ರಧಾರನೇ ಬರಬೇಕು.

ಸೂತ್ರ ಸೋಲುವ ಜಾಗ

ಸಾಮಾನ್ಯ ವಸ್ತುಗಳಿಗೆ ಸೂತ್ರ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಪೇಚಿಗೆ ಸಿಕ್ಕುವುದು ವಿಚಿತ್ರ ವಸ್ತುಗಳ ಮುಂದೆ. ಮುಂದಿನ ಒಂದು ಏಟಿಗೆ ಮಾತ್ರ ದಾಳದ ಅಂಕಿಗೆ 20 ಸೇರಿಸಿ, ಗುರಿ ತಪ್ಪುವುದೇ ಅಪರೂಪ ಎನ್ನುವಂತೆ ಮಾಡುವ ಒಂದು ಮಂತ್ರವಿದೆ. ಒಂದೇ ಏಟಿಗೆ ಸೀಮಿತವಾದ್ದರಿಂದ ಅದು ಮೊದಲ ದರ್ಜೆಯದು, ಹೊಸ ಶಿಷ್ಯನಿಗೂ ಬರುವಂಥದು. ಅದನ್ನು ಸದಾ ಜಾಗೃತವಾಗಿರುವ ಉಂಗುರದಲ್ಲಿಟ್ಟರೆ ಬೆಲೆಯೆಷ್ಟು? ಒಂದನ್ನು ಒಂದರಿಂದ ಗುಣಿಸಿ 2,000ದಿಂದ ಗುಣಿಸಿದರೆ ಎರಡೇ ಸಾವಿರ ಹೊನ್ನು. ಕ್ಷಣಿಕ ಮಂತ್ರಕ್ಕೆ ನಾಲ್ಕು ಪಟ್ಟು ಎಂಬ ಷರತ್ತು ಹಚ್ಚಿದರೂ ಎಂಟು ಸಾವಿರ. ಅದೇ 20 ಅಂಶದ ಲಾಭವನ್ನು ಖಡ್ಗದ ಸೂತ್ರದಲ್ಲಿಟ್ಟು ನೋಡಿ. ಇಪ್ಪತ್ತನ್ನು ಇಪ್ಪತ್ತರಿಂದ ಗುಣಿಸಿ 2,000ದಿಂದ ಹೆಚ್ಚಿಸಿದರೆ ಎಂಟು ಲಕ್ಷ! ಒಂದೇ ಫಲಕ್ಕೆ ಎರಡು ಸೂತ್ರ, ಎರಡು ಬೆಲೆ, ನಡುವೆ ನೂರು ಪಟ್ಟು ಅಂತರ.

ಕಾರಣ ಸ್ಪಷ್ಟ. ಮೊದಲ ಸೂತ್ರ ಅಳೆಯುವುದು ವಸ್ತುವನ್ನು ಮಾಡುವ ಶ್ರಮವನ್ನು. ಎರಡನೆಯದು ಅಳೆಯುವುದು ವಸ್ತು ಮಾಡುವ ಕೆಲಸವನ್ನು. ಸಾಮಾನ್ಯ ವಸ್ತುಗಳಲ್ಲಿ ಇವೆರಡೂ ಜೊತೆಜೊತೆಗೆ ನಡೆಯುತ್ತವೆ, ವಿಚಿತ್ರ ವಸ್ತುಗಳಲ್ಲಿ ಬೇರೆಯಾಗುತ್ತವೆ. ಕೈಪಿಡಿ ಬರೆದವರಿಗೂ ಇದು ಗೊತ್ತಿತ್ತು. ಸೂತ್ರ ಕೇವಲ ಆರಂಭ ಎಂದು ಅವರೇ ಎಚ್ಚರಿಸಿದ್ದಾರೆ. ಕಣ್ಣಿಗೆ ಕಾಣದಂತೆ ಮಾಡುವ ಉಂಗುರಕ್ಕೆ ಸೂತ್ರದ ಪ್ರಕಾರ 10,800 ಹೊನ್ನು ಬರುತ್ತದೆ. ಪುಸ್ತಕದಲ್ಲಿ ಅಚ್ಚಾದ ಬೆಲೆ 20,000. ಯಾರಿಗೂ ಕಾಣದೆ ಓಡಾಡುವ ಸೌಲಭ್ಯ ಸೂತ್ರಕ್ಕಿಂತ ದೊಡ್ಡದು ಎಂದು ಕೂಡಿಸಿದ ಕೈಯೇ ತಿದ್ದಿದ ಲೆಕ್ಕವಿದು.

ನೀರಿನ ಹೂಜಿ

ಇದೇ ಪುಸ್ತಕದಲ್ಲಿ ಬತ್ತದ ನೀರಿನ ಹೂಜಿಯೊಂದಿದೆ. ಆಜ್ಞೆ ಮಾಡಿದರೆ ಅದರ ಬಾಯಿಂದ ನೀರು ಚಿಮ್ಮುತ್ತದೆ. ಅತಿ ವೇಗದಲ್ಲಿ ಬಿಟ್ಟರೆ ಆರು ಸೆಕೆಂಡಿಗೆ ಮೂವತ್ತು ಗ್ಯಾಲನ್. ಮತ್ತೆ ಆಜ್ಞೆ ಮಾಡುವ ತನಕ ನಿಲ್ಲುವುದಿಲ್ಲ. ಬೆಲೆ 9,000 ಹೊನ್ನು. ಎರಡು ಅಂಶ ಹರಿತವಾದ ಖಡ್ಗಕ್ಕಿಂತ ತುಸು ಹೆಚ್ಚು, ಅಷ್ಟೆ.

ಈಗ ಕಾಗದ ತೆಗೆದುಕೊಂಡು ಲೆಕ್ಕ ಹಾಕೋಣ. ನಿಮಿಷಕ್ಕೆ 300 ಗ್ಯಾಲನ್ ಎಂದರೆ ದಿನಕ್ಕೆ 4,32,000 ಗ್ಯಾಲನ್, ಅಮೆರಿಕದ ಗ್ಯಾಲನ್ ಲೆಕ್ಕದಲ್ಲಿ ಹದಿನಾರು ಲಕ್ಷ ಲೀಟರಿಗೂ ಹೆಚ್ಚು. 12,000 ಲೀಟರ್ ಹಿಡಿಯುವ ಟ್ಯಾಂಕರ್ ಲಾರಿಗಳಾದರೆ ದಿನವೂ 136 ಬೇಕು. ನಮ್ಮ ನಗರಗಳ ನೀರು ಯೋಜನೆಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎಂಬ ಅಳತೆಯಿದೆ. ಆ ಪ್ರಕಾರ ಹನ್ನೆರಡು ಸಾವಿರ ಜನರ ಪಟ್ಟಣಕ್ಕೆ ಈ ಒಂದು ಹೂಜಿ ಸಾಕು, ಅಣೆಕಟ್ಟಿಲ್ಲದೆ, ಕೊಳಾಯಿ ಸರಬರಾಜಿನ ಮೂಲಕ್ಕಾಗಿ ಯಾರೊಂದಿಗೂ ಜಗಳವಿಲ್ಲದೆ. ಮರುಭೂಮಿಯ ಅರಸನೊಬ್ಬ ಇದಕ್ಕಾಗಿ ಅರ್ಧ ರಾಜ್ಯ ಬರೆದುಕೊಟ್ಟರೆ ಆಶ್ಚರ್ಯವಿಲ್ಲ.

ಹಾಗಾದರೆ 9,000 ಎಂಬುದು ತಪ್ಪೆ? ತಪ್ಪಲ್ಲ. ಅದು ಯಾರ ಕಣ್ಣಿನ ಬೆಲೆ ಎಂಬುದನ್ನು ನೋಡಬೇಕು. ಗುಹೆಯಲ್ಲಿ ರಾಕ್ಷಸನೊಂದಿಗೆ ಕಾದಾಡುವವನಿಗೆ ಹೂಜಿಯಿಂದ ಆಗುವ ಉಪಯೋಗ ಅಲ್ಪ. ಬಾಯಾರಿಕೆ ತೀರುತ್ತದೆ, ಬೆಂಕಿ ಆರಿಸಬಹುದು, ಎದುರಾಳಿಯನ್ನು ನೀರಿನ ರಭಸದಿಂದ ಬೀಳಿಸಬಹುದು. ಪುಸ್ತಕದ ಬೆಲೆ ಸಾಹಸಿಯ ಬೆಲೆ, ರೈತನ ಬೆಲೆಯಲ್ಲ. ಇದೇ ಆಟದಲ್ಲಿ ಕುಶಲತೆಯಿಲ್ಲದ ಕೂಲಿಯಾಳಿಗೆ ದಿನಕ್ಕೆ ಒಂದು ಬೆಳ್ಳಿ ನಾಣ್ಯ, ಎಂದರೆ ಹೊನ್ನಿನ ಹತ್ತನೇ ಒಂದು ಪಾಲು. ಹೂಜಿ ಕೊಳ್ಳಬೇಕಾದರೆ ಅವನು ಒಂದು ಕಾಸೂ ಖರ್ಚು ಮಾಡದೆ 246 ವರ್ಷ ದುಡಿಯಬೇಕು. ನೀರು ಯಾರಿಗೆ ತೀರಾ ಬೇಕೋ ಅವನಿಗೆ ಎಟುಕುವುದಿಲ್ಲ, ಎಟುಕುವವನಿಗೆ ಅದರ ಅಗತ್ಯ ಅಷ್ಟಿಲ್ಲ. ನೀರಿಲ್ಲದೆ ಬದುಕಿಲ್ಲ, ಆದರೂ ಅದು ಅಗ್ಗ. ವಜ್ರವಿಲ್ಲದೆ ಬದುಕಬಹುದು, ಆದರೂ ಅದು ದುಬಾರಿ ಎಂಬ ಒಗಟನ್ನು ಆಡಂ ಸ್ಮಿತ್ 1776ರಲ್ಲೇ ಎತ್ತಿದ್ದ. ಆಟದ ಹೂಜಿ ಆ ಒಗಟನ್ನು ಹೊಸ ವೇಷದಲ್ಲಿ ಮುಂದಿಡುತ್ತದೆ.

ಕಟ್ಟಡ ಕಟ್ಟುವ ತಂತಿವಾದ್ಯದ ಲೆಕ್ಕ ಇದಕ್ಕಿಂತ ನಾಜೂಕು. ವಾರಕ್ಕೊಮ್ಮೆ ಅರ್ಧ ಗಂಟೆ ನುಡಿಸಿದರೆ ನೂರು ಆಳು ಮೂರು ದಿನ ದುಡಿದಷ್ಟು ಕೆಲಸ ಮುಗಿಯುತ್ತದೆ. ಬೆಲೆ 13,000 ಹೊನ್ನು. ಮುನ್ನೂರು ಆಳಿನ ಕೂಲಿ ಮೂವತ್ತು ಹೊನ್ನು. ವರ್ಷಕ್ಕೆ ಐವತ್ತೆರಡು ವಾರ ಎಂದರೆ 1,560 ಹೊನ್ನಿನ ಉಳಿತಾಯ. ಹಾಕಿದ ಬಂಡವಾಳಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿ! ಎಂಟು ವರ್ಷ ಚಿಲ್ಲರೆಯಲ್ಲಿ ಅಸಲು ವಾಪಸ್ಸು. ನುಡಿಸುವವನು ಚತುರನಾಗಿದ್ದು ಅರ್ಧ ಗಂಟೆಯ ಮೇಲೂ ತಪ್ಪದೆ ಮುಂದುವರಿಸಿದರೆ ಇನ್ನೂ ಬೇಗ. ಸಾಹಸಿಯ ಕಣ್ಣಿಗೆ ಇದು ದುಬಾರಿ ಆಟಿಕೆ, ಕೋಟೆ ಕಟ್ಟುವ ಪಾಳೆಯಗಾರನ ಕಣ್ಣಿಗೆ ಒಳ್ಳೆಯ ಹೂಡಿಕೆ.

ಅಪರೂಪ ಎಂಬ ಅಳತೆ

2014ರ ಐದನೆಯ ಆವೃತ್ತಿ ಸೂತ್ರವನ್ನೇ ಕೈಬಿಟ್ಟು, ವಸ್ತುಗಳನ್ನು ಅಪರೂಪತೆಯ ಮೇಲೆ ವಿಂಗಡಿಸಿತು. ಸಾಮಾನ್ಯವಾದದ್ದಕ್ಕೆ 50ರಿಂದ 100 ಹೊನ್ನು, ಅಸಾಮಾನ್ಯಕ್ಕೆ 500ರವರೆಗೆ, ಅಪರೂಪಕ್ಕೆ 5,000ದವರೆಗೆ, ಅತಿ ಅಪರೂಪಕ್ಕೆ 50,000ದವರೆಗೆ, ಐತಿಹ್ಯಕ್ಕೆ ಸೇರಿದ್ದಕ್ಕೆ ಅದಕ್ಕೂ ಮೇಲೆ. ನಮ್ಮ ನೀರಿನ ಹೂಜಿ ಇಲ್ಲಿ 'ಅಸಾಮಾನ್ಯ' ದರ್ಜೆಗಿಳಿದು ಐನೂರರೊಳಗೆ ಬಂದುಬಿಟ್ಟಿತು.

ಈ ಅಳತೆಗೂ ತನ್ನದೇ ತೊಡಕುಗಳಿದ್ದವು. ಹಾರುವ ಪೊರಕೆ 'ಅಸಾಮಾನ್ಯ' ದರ್ಜೆಯದು. ಹಾರುವ ರೆಕ್ಕೆ 'ಅಪರೂಪ' ದರ್ಜೆಯದು, ಬೆಲೆ ಹತ್ತು ಪಟ್ಟು ಇರಬಹುದು. ರೆಕ್ಕೆ ತುಸು ವೇಗವಾಗಿ ಹಾರುತ್ತದೆ ನಿಜ. ಆದರೆ ಒಂದು ಗಂಟೆ ಹಾರಿ ಮಡಿಚಿಕೊಂಡರೆ ಮತ್ತೆ ಬಿಚ್ಚಲು ಹನ್ನೆರಡು ಗಂಟೆ ಕಾಯಬೇಕಾಗಿ ಬರಬಹುದು. ಪೊರಕೆಗೆ ಅಂಥ ಮಿತಿಯಿಲ್ಲ. ಪೊರಕೆಯ ಬೆಲೆ ಕೊಟ್ಟವನು ರೆಕ್ಕೆಯವನನ್ನು ನೋಡಿ ನಗುತ್ತಾನೆ. 2024ರ ಹೊಸ ಕೈಪಿಡಿ ಬೆಲೆಯ ವ್ಯಾಪ್ತಿಗಳನ್ನು ತೆಗೆದು ದರ್ಜೆಗೊಂದು ನಿಗದಿ ಬೆಲೆ ಇಟ್ಟಿತು: 100, 400, 4,000, 40,000, 2,00,000. ಲೆಕ್ಕ ಸುಲಭವಾಯಿತು. ಆದರೆ ಒಂದೇ ದರ್ಜೆಯ ಎರಡು ವಸ್ತುಗಳ ನಡುವಿನ ಅಂತರ ಈ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಕಷ್ಟಕ್ಕೆ ಕಟ್ಟುವ ಬೆಲೆ

ಶ್ರಮವೂ ಅಳತೆಯಾಗಲಿಲ್ಲ, ಅಪರೂಪವೂ ಅಳತೆಯಾಗಲಿಲ್ಲ. ಮತ್ತೆ ಯಾವುದು? ನುರಿತ ಸೂತ್ರಧಾರರು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಈ ವಸ್ತು ಕಥೆಯಿಂದ ಯಾವ ಕಷ್ಟವನ್ನು ಅಳಿಸಿಹಾಕುತ್ತದೆ? ಎಷ್ಟು ಬಾರಿ? ಆ ಕಷ್ಟವನ್ನು ಎದುರಿಸುವುದರಲ್ಲೇ ಯಾರ ಸಂತೋಷವಿತ್ತು?

ಮಾತಿಗೆ, ಬೆಳಕಿನೊಳಗೆ ನಿಂತವರು ಸುಳ್ಳು ಹೇಳಲಾಗದಂಥ ಒಂದು ದೀಪವಿದೆ ಎಂದಿಟ್ಟುಕೊಳ್ಳೋಣ. ಗುಹೆ ಹೊಕ್ಕು ಭೂತಗಳೊಂದಿಗೆ ಹೋರಾಡುವ ಕಥೆಯಲ್ಲಿ ಅದು ಬರಿಯ ದೀಪ, ನೂರು ಹೊನ್ನು ಹೆಚ್ಚಾಯಿತು. ಅರಮನೆಯ ಪಿತೂರಿಯ ಕಥೆಯಲ್ಲಿ, ಅರಸನಿಗೆ ವಿಷವಿಟ್ಟವರು ಯಾರು ಎಂದು ವಾರಗಟ್ಟಲೆ ಹುಡುಕುವ ಕಥೆಯಲ್ಲಿ, ಅದೇ ದೀಪ ಒಂದು ಸಂಜೆಯಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತದೆ. ಅಲ್ಲಿ ಅದಕ್ಕೆ ಲಕ್ಷವೂ ಕಡಿಮೆಯೇ. ಒಂದೇ ದೀಪಕ್ಕೆ ಎರಡು ಮೇಜಿನಲ್ಲಿ ಎರಡು ಬೆಲೆ, ಎರಡೂ ಸರಿ.

ಇಂಥ ವಸ್ತುವನ್ನು ಕೊಡಲೇಬೇಕೆಂದಾಗ ಜಾಣ ಸೂತ್ರಧಾರ ಬೆಲೆ ಏರಿಸುವ ಬದಲು ಮಿತಿ ಹಾಕುತ್ತಾನೆ. ದೀಪ ಹುಣ್ಣಿಮೆಗೊಮ್ಮೆ ಮಾತ್ರ ಉರಿಯಲಿ, ಹಿಡಿದವನೂ ಸುಳ್ಳು ಹೇಳಲಾಗದಿರಲಿ. ಈ ಉಪಾಯ ನಮಗೆ ಹೊಸದಲ್ಲ. ವನವಾಸದಲ್ಲಿ ಸೂರ್ಯ ಯುಧಿಷ್ಠಿರನಿಗೆ ಕೊಟ್ಟ ಅಕ್ಷಯಪಾತ್ರೆ ನಿಜಕ್ಕೂ ಅಕ್ಷಯವಾಗಿರಲಿಲ್ಲ. ದ್ರೌಪದಿಯ ಊಟವಾಗುವ ತನಕ ಮಾತ್ರ ಅದು ಉಣಬಡಿಸುತ್ತಿತ್ತು, ಆ ಬಳಿಕ ಅಂದಿನ ಮಟ್ಟಿಗೆ ಬರಿದು. ಆ ಒಂದು ಮಿತಿ ಇಲ್ಲದಿದ್ದರೆ ದೂರ್ವಾಸರು ಶಿಷ್ಯರೊಡನೆ ಬಂದಾಗ ಪಾಂಡವರಿಗೆ ಆತಂಕವೇ ಇರುತ್ತಿರಲಿಲ್ಲ. ಆತಂಕವಿಲ್ಲದಿದ್ದರೆ ಕಥೆಯೂ ಇರುತ್ತಿರಲಿಲ್ಲ.

ಬೆಲೆಯಲ್ಲಿ ತಪ್ಪಿದರೆ ನಷ್ಟ ಯಾರಿಗೆ? ಕಾಲ್ಪನಿಕ ಹೊನ್ನಿನ ನಷ್ಟಕ್ಕೆ ಯಾರೂ ಅಳುವುದಿಲ್ಲ. ಆದರೆ ಮೂರನೆಯ ಆವೃತ್ತಿಯ ಒಂದು ಮಂತ್ರದಂಡವನ್ನು ನೋಡಿ. ಯಾವ ಬೀಗವನ್ನಾದರೂ ತೆರೆಯುವ ಮಂತ್ರ ಅದರಲ್ಲಿದೆ. ಬೆಲೆ 4,500, ಐವತ್ತು ಬಾರಿಗೆ ಸಾಕು, ಬೀಗವೊಂದಕ್ಕೆ ತೊಂಬತ್ತು ಹೊನ್ನು ಬಿತ್ತು. ಲೆಕ್ಕದಲ್ಲಿ ಒಂದಿಷ್ಟೂ ತಪ್ಪಿಲ್ಲ. ಆದರೆ ಅದೇ ಮೇಜಿನಲ್ಲಿ ಕಳ್ಳನ ಪಾತ್ರ ವಹಿಸಿದ ಗೆಳೆಯನೊಬ್ಬ ಕೂತಿದ್ದಾನೆ. ತಿಂಗಳುಗಟ್ಟಲೆ ಆಡಿ ಬೀಗ ತೆಗೆಯುವ ವಿದ್ಯೆಯನ್ನು ಒಂದೊಂದೇ ಅಂಶವಾಗಿ ಬೆಳೆಸಿಕೊಂಡಿದ್ದಾನೆ. ಮಾಂತ್ರಿಕಳು ಪೇಟೆಯಿಂದ ಆ ದಂಡವನ್ನು ಕೊಂಡು ತಂದ ದಿನ ಅವನು ದಾಳ ಕೆಳಗಿಟ್ಟು ಸುಮ್ಮನೆ ಕೂರುತ್ತಾನೆ. ಮುಂದಿನ ವಾರ ಏನೋ ಕೆಲಸ ಬಂತು ಎನ್ನುತ್ತಾನೆ. ಆಟದ ಗುಂಪುಗಳು ಒಡೆಯುವುದು ಹೆಚ್ಚಾಗಿ ಜಗಳದಿಂದಲ್ಲ, ಹೀಗೆ ಒಬ್ಬರಿಗೆ ಮಾಡಲು ಏನೂ ಉಳಿಯದಿರುವುದರಿಂದ.

ಯಂತ್ರ ಬಂದಾಗ ಕುಶಲಕರ್ಮಿಯ ಕೈ ಖಾಲಿಯಾಗುವುದನ್ನು ಕಂಡಿರುವ ನಮಗೆ ಇದು ಬರಿಯ ಆಟದ ಮಾತೆನಿಸದು. ಯಂತ್ರದ ಬೆಲೆಯಲ್ಲಿ ಕಬ್ಬಿಣ, ಕೂಲಿ, ಸಾಗಾಟ ಎಲ್ಲ ಸೇರಿರುತ್ತದೆ. ಅದು ಯಾರ ಕೆಲಸವನ್ನು ಕಿತ್ತುಕೊಂಡಿತು ಎಂಬುದು ಮಾತ್ರ ಸೇರಿರುವುದಿಲ್ಲ. ಪೇಟೆಗೆ ಅದನ್ನು ಕೇಳುವ ಅಭ್ಯಾಸವಿಲ್ಲ. ಸೂತ್ರಧಾರನಿಗೆ ಆ ಅವಕಾಶವಿದೆ. ದಂಡಕ್ಕೆ ಎಷ್ಟು ಹೊನ್ನು ಎಂದು ಮಾಂತ್ರಿಕಳು ಕೇಳಿದಾಗ ಅವನು ಪುಸ್ತಕದ ಪಟ್ಟಿಯ ಮೇಲೆ ಬೆರಳಿಡುವ ಮೊದಲು ಒಮ್ಮೆ ಮೇಜಿನ ಆಚೆ ತುದಿಯಲ್ಲಿ ಕೂತ ಕಳ್ಳನ ಮುಖ ನೋಡಿದರೆ ಸಾಕು. ಸರಿಯಾದ ಬೆಲೆ ಅಲ್ಲಿ ಬರೆದಿರುತ್ತದೆ.